ಮಂಜಿನ ಮೇಲಿನ ದಾಕ್ಷಿಣ್ಯ

ನನ್ನ ಮೊಬೈಲಿನಲ್ಲಿ ಒಂದು ಚಿತ್ರವಿದೆ. ಐದು ಮಂದಿ ಸಾಲಾಗಿ ನಿಂತಿದ್ದೇವೆ. ಕಾಲಿಗೆ ಗೆರಸೆ ಕಟ್ಟಿಕೊಂಡಂತೆ ಕಾಣುವ ಸ್ನೋ ಶೂ, ಕೈಯಲ್ಲಿ ಊರುಗೋಲು, ಬೆನ್ನ ಹಿಂದೆ ಆಗಷ್ಟೇ ದಾಟಿ ಬಂದ ಬೆಳ್ಳಗಿನ ಇಳಿಜಾರು. ಎಲ್ಲರೂ ನಗುತ್ತಿದ್ದೇವೆ. ಮನೆಯಲ್ಲಿಯೂ ಕಾಲೇಜಿನ ಸ್ಟಾಫ್ ರೂಮಿನಲ್ಲಿಯೂ ಇದನ್ನು ನೋಡಿದವರೆಲ್ಲ ಎಷ್ಟು ಚಂದ ಬಂದಿದೆ ಎಂದು ಹೇಳಿದ್ದಾರೆ. ಆದರೆ ಈ ಚಿತ್ರ ತೆಗೆಯುವ ಹತ್ತು ಹದಿನೈದು ನಿಮಿಷ ಮೊದಲು ನಮ್ಮ ಕಾಲಡಿಯ ಹಿಮ ‘ಧಪ್’ ಎಂದು ಸದ್ದು ಮಾಡಿ ಒಮ್ಮೆ ಕೆಳಗೆ ಕೂತಿತ್ತು. ಅಕ್ಕಿ ಮೂಟೆಯನ್ನು ಅಟ್ಟದಿಂದ ಕೆಳಗೆ ಇಳಿಬಿಟ್ಟಂತಹ ಮಂದವಾದ, ಕಿವಿಗಿಂತ ಮೊದಲು ಹೊಟ್ಟೆಗೆ ಕೇಳಿಸುವ ಸದ್ದು ಅದು. ಐವರೂ ಕೇಳಿದ್ದೆವು. ಮುಂದೆ ನಡೆಯುತ್ತಿದ್ದ ಗೈಡ್ ಕೂಡ ಕೇಳಿ, ಒಂದು ಕ್ಷಣ ನಿಂತು, ತಲೆಯೆತ್ತಿ ಇಳಿಜಾರನ್ನು ನೋಡಿದ್ದ. ಯಾರೂ ಏನೂ ಹೇಳಲಿಲ್ಲ. ಅವನು ನಡೆದ, ನಾವು ಹಿಂಬಾಲಿಸಿದೆವು. ಉಡುಪಿಗೆ ಮರಳಿ ಒಂದು ಮಳೆಗಾಲವೇ ಕಳೆದಿದೆ; ಆ ಸದ್ದಿನ ಬಳಿಕ ನಾವು ಆರು ಮಂದಿ ಕಾಪಾಡಿಕೊಂಡ ಮೌನ ಇನ್ನೂ ನನ್ನನ್ನು ಬಿಟ್ಟಿಲ್ಲ.

ಸೇಥನ್

ನಾವು ಹೋದದ್ದು ಜನವರಿಯಲ್ಲಿ, ಮನಾಲಿಯ ಆಚೆ ದಡದ ಪ್ರೀಣಿಯಿಂದ ಸುತ್ತಿ ಸುತ್ತಿ ಮೇಲೇರುವ ರಸ್ತೆಯ ಕೊನೆಯಲ್ಲಿರುವ ಸೇಥನ್ ಎಂಬ ಊರಿಗೆ. ಸುಮಾರು 2,700 ಮೀಟರ್ ಎತ್ತರದಲ್ಲಿ ಕೆಲವೇ ಬೌದ್ಧ ಕುಟುಂಬಗಳು ವಾಸವಾಗಿರುವ ಪುಟ್ಟ ಊರು ಅದು. ನಮ್ಮ ಗುಂಪಿನಲ್ಲಿ ಮಂಗಳೂರಿನ ವೈದ್ಯೆಯಾದ ಗೆಳತಿ, ಈ ಪ್ರವಾಸವನ್ನು ಮೂರು ತಿಂಗಳ ಹಿಂದಿನಿಂದ ಕನಸಿನಂತೆ ಹೊತ್ತು ಸಾಗಿದ ಅವಳ ಗಂಡ, ಅವನ ಚಿಕ್ಕಪ್ಪನ ಮಗನಾದ ಎಂಜಿನಿಯರ್ ಹುಡುಗ, ಮಲ್ಪೆಯಲ್ಲಿ ಐಸ್ ಪ್ಲಾಂಟ್ ನೋಡಿಕೊಳ್ಳುವ ನನ್ನ ಕಾಲೇಜು ದಿನಗಳ ಗೆಳೆಯ, ಮತ್ತು ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವ ನಾನು. ಎಲ್ಲರೂ ಕುದುರೆಮುಖ, ಕೊಡಚಾದ್ರಿ, ಕುಮಾರಪರ್ವತ ಹತ್ತಿಳಿದವರು. ಕಾಲಿನ ಬಲದ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ.

ಸ್ನೋ ಶೂ ಹಾಕಿ ನಡೆಯುವುದನ್ನು ಕಲಿಯಲು ನಮ್ಮ ಕಡೆಯವರಿಗೆ ಹೆಚ್ಚು ಹೊತ್ತು ಬೇಕಾಗಿಲ್ಲ. ನಾಟಿಯ ಗದ್ದೆಯ ಕೆಸರಿನಲ್ಲಿ ಮೊಣಕಾಲ ತನಕ ಹೂತು ನಡೆದವರಿಗೆ, ಅಂತಹ ಕೆಸರಿನ ಮೇಲೆ ಹಲಗೆ ಹಾಕಿದರೆ ಕಾಲು ಹೂಳುವುದಿಲ್ಲ ಎಂಬುದು ಗೊತ್ತೇ ಇರುತ್ತದೆ. ಇಲ್ಲಿಯೂ ಅದೇ ತತ್ತ್ವ. ಮೈಯ ಭಾರ ಅಗಲವಾದ ಜಾಗಕ್ಕೆ ಹಂಚಿಹೋಗುತ್ತದೆ, ಅಡಿಯಲ್ಲಿರುವ ಲೋಹದ ಹಲ್ಲುಗಳು ಗಟ್ಟಿ ಹಿಮವನ್ನು ಕಚ್ಚಿ ಹಿಡಿಯುತ್ತವೆ, ಹಿಮ್ಮಡಿ ಎದ್ದು ಬರುವಂತೆ ಮುಂಗಾಲಿಗೆ ಮಾತ್ರ ಬಿಗಿ ಇರುತ್ತದೆ. ಕಾಲನ್ನು ಸ್ವಲ್ಪ ಅಗಲಿಸಿ ನಡೆದರೆ ಸಾಕು. ಮೊದಲ ದಿನ ಮಧ್ಯಾಹ್ನದೊಳಗೆ ನಾವೆಲ್ಲ ಓಡಾಡುವಷ್ಟು ಪಳಗಿದ್ದೆವು. ಈ ಸುಲಭತೆಯೇ ನಮಗೆ ತಪ್ಪು ಧೈರ್ಯ ಕೊಟ್ಟಿತು ಎಂದು ಈಗ ಅನ್ನಿಸುತ್ತದೆ, ಏಕೆಂದರೆ ನಡೆಯಲು ಬಂದೊಡನೆ ಬೆಟ್ಟವೂ ಅರ್ಥವಾಯಿತು ಎಂದು ನಾವು ಭಾವಿಸಿಕೊಂಡೆವು.

ಆಮೇಲೆ ಎರಡು ರಾತ್ರಿ, ಒಂದು ಹಗಲು ಬಿಡದೆ ಹಿಮ ಬಿತ್ತು, ಗಾಳಿಯೂ ಜೋರಾಗಿತ್ತು. ಮೂರನೆಯ ಬೆಳಿಗ್ಗೆ ಆಕಾಶ ತೊಳೆದಿಟ್ಟಂತೆ ನೀಲಿಯಾಗಿತ್ತು. ಪಾಂಡು ರೋಪಾ ಎಂಬ ಬಯಲಿನ ತನಕ ಹೋಗಿ, ಸಾಧ್ಯವಾದರೆ ಅದರಾಚೆಯ ಏಣನ್ನು ಹತ್ತಿ ಬರುವುದೆಂದು ನಿಶ್ಚಯವಾಗಿತ್ತು. ರೋಪಾ ಎಂದರೆ ಗದ್ದೆ. ವನವಾಸದಲ್ಲಿ ಪಾಂಡವರು ಅಲ್ಲಿ ಭತ್ತ ಬೆಳೆದರೆಂದು ಊರವರು ಹೇಳುತ್ತಾರೆ ಎಂದು ಗೈಡ್ ತಿಳಿಸಿದಾಗ, ಅಷ್ಟು ದೂರ ಬಂದರೂ ಪಾಂಡವರ ಗದ್ದೆಯೇ ಸಿಕ್ಕಿತಲ್ಲ ಎಂದು ನಮಗೆಲ್ಲ ತುಂಬ ಹಿಗ್ಗಾಯಿತು.

ಹೊರಡುವಾಗ ಗೈಡ್ ಮತ್ತೊಂದು ಮಾತನ್ನೂ ಹೇಳಿದ್ದ. ದಾರಿಯಲ್ಲಿ ಒಂದು ನಾಲಾ, ಎಂದರೆ ಬೆಟ್ಟದ ಕೊರಕಲು, ಸಿಗುತ್ತದೆ, ಅದರಲ್ಲಿ ಗ್ಲೇಶಿಯರ್ ಬರುತ್ತದೆ ಎಂದು. ನಾವು ತಲೆಯಾಡಿಸಿದೆವು. ಗ್ಲೇಶಿಯರ್ ಎಂದರೆ ಹಿಮನದಿ, ಎಲ್ಲೋ ಮೇಲೆ ಸಾವಿರಾರು ವರ್ಷಗಳಿಂದ ಮಲಗಿರುವ ಮಂಜುಗಡ್ಡೆ ಎಂದು ಶಾಲೆಯಲ್ಲಿ ಓದಿದ್ದ ನಮಗೆ, ಅದು ‘ಬರುವುದು’ ಹೇಗೆ ಎಂಬ ಪ್ರಶ್ನೆ ಏಳಲೇ ಇಲ್ಲ. ಕುಲ್ಲು, ಲಾಹೌಲ್ ಕಡೆಯವರು ಬೆಟ್ಟದಿಂದ ಜಾರಿ ಬೀಳುವ ಹಿಮರಾಶಿಯನ್ನೇ ಮಾತಿನಲ್ಲಿ ಗ್ಲೇಶಿಯರ್ ಎನ್ನುತ್ತಾರೆಂದು ನನಗೆ ತಿಳಿದದ್ದು ಅಂದು ಸಂಜೆ. ನಮ್ಮ ಕನ್ನಡದಲ್ಲಿಯೂ ಈ ತೊಡಕು ಇದ್ದೇ ಇದೆ. ಆಕಾಶದಿಂದ ಹಿಮ ಉದುರಿದರೂ ಪತ್ರಿಕೆಗಳಲ್ಲಿ ಹಿಮಪಾತ, ಬೆಟ್ಟದಿಂದ ಹಿಮ ಕುಸಿದು ಜನ ಸತ್ತರೂ ಹಿಮಪಾತ. ಮೃಗಶಿರದ ಮಳೆ ಬೇರೆ, ಆಶ್ಲೇಷದ ಮಳೆ ಬೇರೆ ಎಂದು ನಕ್ಷತ್ರಕ್ಕೊಂದು ಮಳೆಯನ್ನು ಹೆಸರಿಟ್ಟು ಕರೆಯುವ ನಾವು, ಕಂಡರಿಯದ ವಸ್ತುವಿಗೆ ಒಂದೇ ಪದದಲ್ಲಿ ಸುಧಾರಿಸಿಕೊಂಡಿದ್ದೇವೆ. ಈ ಬರಹದಲ್ಲಿ ನಾನು ಹಿಮಕುಸಿತ ಎಂದೇ ಬರೆಯುತ್ತೇನೆ. ಗುಡ್ಡ ಕುಸಿಯುವುದು ಹೇಗೆಂದು ನಮ್ಮವರಿಗೆ ಚೆನ್ನಾಗಿ ಗೊತ್ತು.

ಶೇಡಿ ಮಣ್ಣು

ಕರಾವಳಿಯಲ್ಲಿ ಮನೆ ಕಟ್ಟಿಸಿದವರಿಗೆ ಶೇಡಿ ಮಣ್ಣಿನ ಪರಿಚಯವಿರುತ್ತದೆ. ಮೇಲೆ ಗಟ್ಟಿಯಾದ ಮುರಕಲ್ಲು, ಗುದ್ದಲಿ ಹಾಕಿದರೂ ಜಗ್ಗದಂಥದು. ಅದರ ಕೆಳಗೆ ಬಿಳಿಯೂ ನಸುಗೆಂಪೂ ಆದ ನುಣುಪಾದ ಶೇಡಿ. ಬೇಸಗೆಯಲ್ಲಿ ಅದು ಕಲ್ಲಿನಂತೆ ನಿಲ್ಲುತ್ತದೆ. ರಸ್ತೆಗೆಂದೋ ಮನೆಗೆಂದೋ ಗುಡ್ಡದ ಬುಡವನ್ನು ನೇರವಾಗಿ ಕಡಿದು, ಆಮೇಲೆ ನಾಲ್ಕು ದಿನ ಬಿಡದೆ ಮಳೆ ಸುರಿದರೆ, ನೀರು ಕುಡಿದ ಶೇಡಿ ಬೆಣ್ಣೆಯಾಗುತ್ತದೆ, ಮೇಲಿನ ಮುರಕಲ್ಲು ತನ್ನ ಗಟ್ಟಿತನದೊಂದಿಗೇ ಇಡಿಯಾಗಿ ಜಾರಿ ಬರುತ್ತದೆ. ಪ್ರತಿ ಜುಲೈಯಲ್ಲಿ ಎಲ್ಲಿಯಾದರೊಂದು ಕಡೆ ಇದು ನಡೆಯುತ್ತಲೇ ಇರುತ್ತದೆ.

ಅತ್ಯಂತ ಅಪಾಯಕಾರಿಯಾದ ಹಿಮಕುಸಿತವೂ ಹೀಗೆಯೇ. ಋತುವಿನ ಆರಂಭದಲ್ಲಿ ತೆಳುವಾಗಿ ಬಿದ್ದ ಹಿಮದ ಕೆಳಗೆ ನೆಲ ಸುಮಾರು ಸೊನ್ನೆ ಡಿಗ್ರಿಯಲ್ಲಿರುತ್ತದೆ, ಮೇಲಿನ ಗಾಳಿ ಅದಕ್ಕಿಂತ ಹತ್ತು ಹದಿನೈದು ಡಿಗ್ರಿ ತಣ್ಣಗಿರುತ್ತದೆ. ಈ ವ್ಯತ್ಯಾಸದಿಂದಾಗಿ ನೀರಾವಿ ಹಿಮದ ಒಳಗೊಳಗೇ ಮೇಲೇರುತ್ತ, ಹರಳಿನಿಂದ ಹರಳಿಗೆ ಅಂಟಿಕೊಳ್ಳುತ್ತ, ನಯವಾದ ಹಿಮವನ್ನು ಸಕ್ಕರೆಯಂತಹ ಒರಟು ಹರಳುಗಳಾಗಿ ಮಾರ್ಪಡಿಸುತ್ತದೆ. ಈ ಹರಳುಗಳು ಒಂದಕ್ಕೊಂದು ಕೈ ಹಿಡಿಯುವುದಿಲ್ಲ. ಅವುಗಳ ಮೇಲೆ ಹೊಸ ಹಿಮ ಬಿದ್ದು, ಗಾಳಿ ಅದನ್ನು ಬಡಿದು ಹಲಗೆಯಂತೆ ಗಟ್ಟಿ ಮಾಡಿದರೆ, ಸಕ್ಕರೆಯ ಮೇಲೆ ಚಪ್ಪಡಿ ಇಟ್ಟಂತಾಯಿತು. ಒಬ್ಬನ ಭಾರಕ್ಕೆ ಸಕ್ಕರೆಯ ಪದರ ಒಂದು ಕಡೆ ಕುಸಿದರೆ ಆ ಕುಸಿತ ಕಣ್ಣು ಮಿಟುಕಿಸುವುದರೊಳಗೆ ಸುತ್ತಲೂ ಹರಡುತ್ತದೆ. ಸಮತಟ್ಟಾದ ಜಾಗದಲ್ಲಿ ಆದರೆ ‘ಧಪ್’ ಎಂಬ ಸದ್ದು ಮಾತ್ರ. ಇಳಿಜಾರಿನಲ್ಲಿ ಆದರೆ ಚಪ್ಪಡಿ ಹೊರಡುತ್ತದೆ. ಕೆಳಗಿನ ಬಯಲಿನಲ್ಲಿ ನಿಂತವನ ಹೆಜ್ಜೆಗೆ ಮೇಲಿನ ಇಳಿಜಾರು ಬಿರಿದು ಬರುವುದೂ ಉಂಟು. ಸ್ನೋ ಶೂ ಹಾಕಿ ನಡೆಯುವವರು ಹೆಚ್ಚಾಗಿ ಕಣಿವೆಯ ತಳದಲ್ಲೇ ಇರುವುದರಿಂದ ತಮಗೆ ಭಯವಿಲ್ಲ ಎಂದುಕೊಳ್ಳುತ್ತಾರೆ, ನಾವೂ ಅಂದುಕೊಂಡಿದ್ದೆವು.

ಇಳಿಜಾರು ಎಂದೊಡನೆ ನನ್ನ ಕಲ್ಪನೆಯಲ್ಲಿ ಕಡಿದಾದ ಬಂಡೆಗಳಿದ್ದವು. ಚಪ್ಪಡಿ ಕುಸಿತಗಳು ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ. ಊರಿಗೆ ಬಂದ ಮೇಲೆ ಒಂದು ದಿನ ನಮ್ಮ ಹಟ್ಟಿಯ ಹೆಂಚಿನ ಮಾಡಿನ ಪಕಾಸಿಗೆ ಮೊಬೈಲನ್ನು ಒರಗಿಸಿ ಕೋನ ನೋಡಿದೆ. 31 ಡಿಗ್ರಿ ತೋರಿಸಿತು. ಚಿಕ್ಕಂದಿನಲ್ಲಿ ಹಲಸಿನ ಹಪ್ಪಳ ಒಣಗಿಸಲು ಅಮ್ಮನ ಕಣ್ಣೆದುರೇ ಹತ್ತಿ ಓಡಾಡಿದ ಮಾಡು ಅದು.

ನಾವು ದಾಟಿದ ಮೊದಲ ಇಳಿಜಾರು ಅದಕ್ಕಿಂತ ಕಡಿದಾಗಿತ್ತು. ಅಗಲ ಅರುವತ್ತು ಎಪ್ಪತ್ತು ಹೆಜ್ಜೆ ಇರಬಹುದು. ಎರಡೂ ಬದಿಗೆ ಮರಗಳಿದ್ದು ನಡುವೆ ಮಾತ್ರ ಬೋಳಾಗಿತ್ತು. ಅಂಚಿನ ಮರಗಳಿಗೆ ಬೆಟ್ಟದ ಕಡೆಯ ಕೊಂಬೆಗಳಿರಲಿಲ್ಲ, ಯಾರೋ ಕತ್ತಿಯಲ್ಲಿ ಸವರಿದಂತೆ ಕಾಂಡ ಬೋಳಾಗಿತ್ತು. ನಾನು ಅದನ್ನು ನೋಡಿದೆ. ಸೌದೆಗೆ ಕಡಿದಿರಬೇಕು ಎಂದುಕೊಂಡೆ. ಅಲ್ಲಿ ಹಿಮ ಪದೇ ಪದೇ ಜಾರುತ್ತದೆ ಎಂಬುದನ್ನು ಮರಗಳು ಅದಕ್ಕಿಂತ ಸ್ಪಷ್ಟವಾಗಿ ಹೇಳಲು ಸಾಧ್ಯವಿರಲಿಲ್ಲ. ಇಂತಹ ಜಾಗವನ್ನು ದಾಟಲೇಬೇಕಾದರೆ ಒಬ್ಬೊಬ್ಬರಾಗಿ ದಾಟಬೇಕು, ಉಳಿದವರು ಸುರಕ್ಷಿತವಾದ ಕಡೆ ನಿಂತು ಅವರ ಮೇಲೆ ಕಣ್ಣಿಟ್ಟಿರಬೇಕು. ನಾವು ಶಾಲೆಯ ಮಕ್ಕಳು ರಸ್ತೆ ದಾಟುವಂತೆ ಒಬ್ಬರ ಬೆನ್ನಿಗೆ ಒಬ್ಬರು ಅಂಟಿಕೊಂಡು ದಾಟಿದೆವು, ದಾಟಿದ ಮೇಲೆ ಚಿತ್ರ ತೆಗೆಸಿಕೊಂಡೆವು.

ಹದಿನೈದು ನಿಮಿಷ

ಕನ್ನಡಿಗರಿಗೆ ಹಿಮಕುಸಿತ ಎಂದೊಡನೆ ನೆನಪಾಗುವುದು 2016ರ ಫೆಬ್ರವರಿ. ಸಿಯಾಚಿನ್‌ನಲ್ಲಿ ಹತ್ತು ಮಂದಿ ಯೋಧರು ಹಿಮದಡಿ ಸಿಲುಕಿದ್ದರು. ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನಗಳ ಬಳಿಕ ಜೀವಂತವಾಗಿ ಸಿಕ್ಕಿದರು. ಇಡೀ ರಾಜ್ಯ ಅವರಿಗಾಗಿ ಪ್ರಾರ್ಥಿಸಿತು. ಫೆಬ್ರವರಿ 11ರಂದು ಅವರು ತೀರಿಕೊಂಡ ಸುದ್ದಿ ಬಂದಾಗ ನಮ್ಮ ಕಾಲೇಜಿನಲ್ಲಿ ಪಾಠ ನಿಲ್ಲಿಸಿ ಮೌನ ಆಚರಿಸಿದ್ದೆವು. ಅವರ ಸಹನೆಗೆ ಹೋಲಿಕೆಯೇ ಇಲ್ಲ. ಆದರೆ ಆ ಆರು ದಿನಗಳು ನನ್ನಂಥವರ ಮನಸ್ಸಿನಲ್ಲಿ ಒಂದು ತಪ್ಪು ಅಳತೆಯನ್ನು ಉಳಿಸಿದವು: ಹಿಮದಡಿ ಸಿಕ್ಕಿಬಿದ್ದವನಿಗೆ ಸಮಯವಿರುತ್ತದೆ, ಹುಡುಕುವವರು ಬರುತ್ತಾರೆ ಎಂಬ ಅಳತೆ.

ಸಮಯ ಇರುವುದಿಲ್ಲ. ಹೂತುಹೋದವರನ್ನು ಮೊದಲ 10–15 ನಿಮಿಷಗಳಲ್ಲಿ ಹೊರತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ. ಅರ್ಧ ಗಂಟೆ ದಾಟುವಷ್ಟರಲ್ಲಿ ಬದುಕುವವರು ಮೂರರಲ್ಲಿ ಒಬ್ಬರು. ಜಾರುವಾಗ ನೀರಿನಂತೆ ಹರಿಯುವ ಹಿಮ ನಿಂತೊಡನೆ ಸಿಮೆಂಟಿನಂತೆ ಬಿಗಿದುಕೊಳ್ಳುತ್ತದೆ, ಬೆರಳು ಕೂಡ ಅಲುಗದು. ಮನಾಲಿಯಿಂದ ಯಾರೋ ಬಂದು ಕಾಪಾಡುವುದು ಆಗದ ಮಾತು. ಪಕ್ಕದಲ್ಲಿರುವ ಗೆಳೆಯರೇ ಅಗೆದು ತೆಗೆಯಬೇಕು. ಅದಕ್ಕೆಂದೇ ಒಬ್ಬೊಬ್ಬರೂ ಮೂರು ವಸ್ತುಗಳನ್ನು ಒಯ್ಯಬೇಕೆಂಬ ನಿಯಮವಿದೆ: 457 ಕಿಲೋಹರ್ಟ್ಸ್ ಆವರ್ತನದಲ್ಲಿ ಸಂಕೇತ ಕಳಿಸುವ ಮತ್ತು ಹಿಡಿಯುವ ಟ್ರಾನ್ಸೀವರ್, ಹಿಮಕ್ಕೆ ಚುಚ್ಚಿ ಹುಡುಕುವ ಉದ್ದನೆಯ ಕೋಲು, ಸಲಿಕೆ. ನಮ್ಮ ಆರು ಮಂದಿಯ ನಡುವೆ ಇದ್ದದ್ದು ಗೈಡ್‌ನ ಬೆನ್ನಚೀಲದ ಒಂದು ಸಲಿಕೆ. ರೇಡಿಯೋ ಅಲೆಗಳ ಪಾಠವನ್ನು ವರ್ಷಕ್ಕೆ ನಾಲ್ಕು ತರಗತಿಗಳಿಗೆ ಮಾಡುವ ನಾನು ಉಳಿದೆರಡರ ಬಗ್ಗೆ ಕೇಳಬೇಕಿತ್ತು, ಕೇಳಲಿಲ್ಲ.

ಇದಕ್ಕಿಂತಲೂ ಹೆಚ್ಚಾಗಿ ಮನಸ್ಸಿನಲ್ಲಿ ನಿಂತ ಅಂಕಿ ಮತ್ತೊಂದಿದೆ. ಹಿಮಕುಸಿತದಲ್ಲಿ ಜನ ಸಿಲುಕಿದ ಹತ್ತು ಪ್ರಸಂಗಗಳಲ್ಲಿ ಸುಮಾರು ಒಂಬತ್ತರಲ್ಲಿ ಆ ಕುಸಿತವನ್ನು ಹೊರಡಿಸಿದ್ದು ಸಿಲುಕಿದವನೇ ಅಥವಾ ಅವನ ಜೊತೆಗಾರ. ಬೆಟ್ಟ ತಾನಾಗಿ ಬಂದು ಮೈಮೇಲೆ ಬೀಳುವುದು ಅಪರೂಪ. ಯಾರೋ ಒಬ್ಬರು ಆ ಹೆಜ್ಜೆಯನ್ನು ಇಟ್ಟಿರುತ್ತಾರೆ, ಇಡುವ ಮೊದಲು ಇಡಬಹುದು ಎಂದು ನಿರ್ಧರಿಸಿರುತ್ತಾರೆ.

ಯಾರು ಮೊದಲು ಹೇಳಬೇಕು

ಹಿಂದಿನ ರಾತ್ರಿ ನಾನು ಮೊಬೈಲಿನಲ್ಲಿ ಹಿಮಕುಸಿತದ ಮುನ್ಸೂಚನೆಯನ್ನು ಓದಿದ್ದೆ. ಈಗ ಚಂಡೀಗಢದಲ್ಲಿರುವ ರಕ್ಷಣಾ ಸಂಶೋಧನಾ ಸಂಸ್ಥೆಯೊಂದು ಅದನ್ನು ಹೊರಡಿಸುತ್ತದೆ. ಅದರ ಬೇರು 1969ರಲ್ಲಿ ಮನಾಲಿಯಲ್ಲೇ ಆರಂಭವಾದ ಹಿಮ ಅಧ್ಯಯನ ಕೇಂದ್ರದಲ್ಲಿದೆ. ಅಂದಿನ ಸೂಚನೆ ಐದರ ಪೈಕಿ ಮೂರನೆಯ ಹಂತವನ್ನು ತೋರಿಸುತ್ತಿತ್ತು. ನಡುವಿನ ಸಂಖ್ಯೆ. ನಮ್ಮಲ್ಲಿ ಆರೆಂಜ್ ಅಲರ್ಟ್ ಇದ್ದ ದಿನ ಶಾಲೆಗೆ ರಜೆ ಇದೆಯೇ ಎಂದು ವಿಚಾರಿಸಿ, ಇಲ್ಲವೆಂದಾದರೆ ಕೊಡೆ ಹಿಡಿದು ಎಂದಿನಂತೆ ಹೊರಟುಬಿಡುತ್ತೇವಲ್ಲ, ಅದೇ ಮನಸ್ಸಿನಲ್ಲಿ ನಾನೂ ಅದನ್ನು ಓದಿದೆ. ಯುರೋಪಿನಲ್ಲಿ ಹಿಮಕುಸಿತದ ಸಾವುಗಳು ಅತಿ ಹೆಚ್ಚು ಆಗುವುದು ಈ ಮೂರನೆಯ ಹಂತದ ದಿನಗಳಲ್ಲೇ. ನಾಲ್ಕು, ಐದನೆಯ ಹಂತದಲ್ಲಿ ಜನ ಹೆದರಿ ಮನೆಯಲ್ಲಿರುತ್ತಾರೆ.

ಊಟದ ಹೊತ್ತಿಗೆ ಅದನ್ನು ಹೇಳಬೇಕೆಂದು ನಾಲಗೆಯ ತುದಿಯ ತನಕ ಬಂತು. ಗೆಳತಿಯ ಗಂಡ ಮರುದಿನದ ನಡಿಗೆಯ ನಕ್ಷೆಯನ್ನು ಮೇಜಿನ ಮೇಲೆ ಹರಡಿಕೊಂಡು ಮಗುವಿನಂತೆ ಸಂಭ್ರಮಿಸುತ್ತಿದ್ದ. ಮೂರು ತಿಂಗಳು ಅವನು ಪಟ್ಟ ಶ್ರಮ ನನಗೆ ಗೊತ್ತಿತ್ತು. ಅವನ ಮುಖ ಬಾಡಿಸಲು ನನಗೆ ಮನಸ್ಸಾಗಲಿಲ್ಲ. ಇದಕ್ಕೆ ನಮ್ಮ ಭಾಷೆಯಲ್ಲಿ ದಾಕ್ಷಿಣ್ಯ ಎನ್ನುತ್ತಾರೆ. ನಾವು ಅದನ್ನು ಗುಣವೆಂದೇ ಮಕ್ಕಳಿಗೆ ಕಲಿಸುತ್ತೇವೆ. ಬಡಿಸಿದ್ದನ್ನು ಬೇಡ ಎನ್ನಬಾರದು, ಹಿರಿಯರ ಮಾತಿಗೆ ಎದುರಾಡಬಾರದು, ಹೊರಟು ನಿಂತವರಿಗೆ ಎಲ್ಲಿಗೆ ಎಂದು ಕೇಳಿ ಅಪಶಕುನ ಮಾಡಬಾರದು. ದಾಕ್ಷಿಣ್ಯಕ್ಕೆ ಬಸುರಾದರೆ ಹೆರಲಿಕ್ಕೆ ಜಾಗವಿಲ್ಲ ಎಂಬ ಗಾದೆಯನ್ನೂ ಅದೇ ಅಜ್ಜಿಯಂದಿರು ಹೇಳಿದ್ದರು, ಆದರೆ ಅದು ನೆನಪಿಗೆ ಬರುವುದು ಯಾವಾಗಲೂ ಆಮೇಲೆ.

ಅಮೆರಿಕದ ಇಯಾನ್ ಮೆಕ್ಯಾಮನ್ ಎಂಬ ಸಂಶೋಧಕರು 1972ರಿಂದ 2003ರವರೆಗೆ ಅಲ್ಲಿ ನಡೆದ 715 ಹಿಮಕುಸಿತ ಅಪಘಾತಗಳನ್ನು ಅಧ್ಯಯನ ಮಾಡಿದ್ದರು. ಸತ್ತವರಲ್ಲಿ ತರಬೇತಿ ಪಡೆದವರೂ ಇದ್ದರು, ಅಪಾಯದ ಗುರುತುಗಳು ಕಣ್ಣಿಗೆ ಕಾಣುವಂತೆಯೇ ಇದ್ದವು. ಪರಿಚಿತವಾದ ಜಾಗ, ಹೊರಟ ಮೇಲೆ ಮುಗಿಸಲೇಬೇಕೆಂಬ ಹಟ, ಗುಂಪಿನವರ ಮೆಚ್ಚುಗೆಯ ಆಸೆ, ಮುಂದೆ ನಡೆಯುವವನಿಗೆ ಎಲ್ಲ ಗೊತ್ತಿದೆ ಎಂಬ ನಂಬಿಕೆ, ಬೇರೆಯವರ ಹೆಜ್ಜೆ ಕಂಡರೆ ಮೂಡುವ ಧೈರ್ಯ, ಇಂಥವುಗಳು ಅವರನ್ನು ಮುಂದೆ ಕೊಂಡೊಯ್ದಿದ್ದವು. ಓದುತ್ತ ಹೋದಂತೆ ಅದು ನಮ್ಮ ಐವರ ಜಾತಕದಂತೆ ಕಂಡಿತು. ಆದರೆ ಆ ಪಟ್ಟಿಗೆ ಕರಾವಳಿಯವನಾಗಿ ನಾನು ಒಂದನ್ನು ಸೇರಿಸಬೇಕು. ನಮ್ಮಲ್ಲಿ ಯಾರಿಗೂ ಮೆಚ್ಚುಗೆ ಬೇಕಿರಲಿಲ್ಲ, ಯಾರಿಗೂ ಸಾಹಸ ತೋರಿಸಬೇಕಿರಲಿಲ್ಲ. ಪ್ರತಿಯೊಬ್ಬರೂ ಇನ್ನೊಬ್ಬರ ಸಂತೋಷವನ್ನು ಕಾಯುತ್ತಿದ್ದೆವು.

ಪಡುಕೆರೆಯ ಒಂದು ಬೆಳಗು

ಮಲ್ಪೆಯ ಗೆಳೆಯನ ತಂದೆ ತಂಡೇಲರಾಗಿದ್ದವರು, ಎಂದರೆ ಮೀನುಗಾರಿಕೆಯ ದೋಣಿಯನ್ನು ನಡೆಸುವ ಮುಖ್ಯಸ್ಥರು. ಪದವಿ ಓದುತ್ತಿದ್ದಾಗ ಒಂದು ಆಟಿ ತಿಂಗಳಲ್ಲಿ ನಾನು ಅವರ ಮನೆಯಲ್ಲಿ ಉಳಿದಿದ್ದೆ. ಯಾಂತ್ರಿಕ ದೋಣಿಗಳಿಗೆಲ್ಲ ಮಳೆಗಾಲದ ನಿಷೇಧ. ತೂಫಾನ್ ಆಗಿ ಕಡಲು ತಣಿದ ಹೊತ್ತು ನೋಡಿಕೊಂಡು ನಾಡದೋಣಿಗಳು ಮಾತ್ರ ಇಳಿಯುತ್ತಿದ್ದವು. ಬೆಳಗಿನ ಜಾವ ಪಡುಕೆರೆಯ ದಡಕ್ಕೆ ನಾನೂ ಹೋದೆ. ಹಿಂದಿನ ಮೂರು ದಿನ ಅಬ್ಬರಿಸಿದ್ದ ಕಡಲು ಅಂದು ಮೆತ್ತಗಿತ್ತು. ಬಲೆ ದೋಣಿಗೇರಿತ್ತು, ಗಂಜಿಯ ಪಾತ್ರೆ ಇಟ್ಟಾಗಿತ್ತು, ಹತ್ತಿಪ್ಪತ್ತು ಮಂದಿ ಹೆಗಲು ಕೊಟ್ಟು ದೋಣಿಯನ್ನು ನೀರಿಗೆ ನೂಕಲು ಸಿದ್ಧರಾಗಿದ್ದರು. ಆಗ ಅವರಲ್ಲೇ ಚಿಕ್ಕವನಾದ, ಮೀಸೆ ಕೂಡ ಸರಿಯಾಗಿ ಮೂಡದ ಹುಡುಗನೊಬ್ಬ ‘ಇನಿ ಬೊಡ್ಚಿ’ ಎಂದ. ಇವತ್ತು ಬೇಡ ಎಂದಷ್ಟೇ ತುಳುವಿನಲ್ಲಿ ಅದರ ಅರ್ಥ.

ಯಾರಾದರೂ ಗದರುತ್ತಾರೆ ಎಂದು ನಾನು ಕಾದೆ. ತಂಡೇಲರು ಒಮ್ಮೆ ಕಡಲನ್ನು ನೋಡಿದರು, ಒಮ್ಮೆ ಆ ಹುಡುಗನನ್ನು ನೋಡಿದರು, ಹಗ್ಗವನ್ನು ಸುತ್ತಿ ದೋಣಿಯೊಳಗೆ ಹಾಕಿದರು. ಬಲೆ ಇಳಿಸಿದರು. ಎಲ್ಲರೂ ಗಂಜಿಯನ್ನು ದಡದಲ್ಲೇ ಉಂಡರು. ಅಂದು ಕಡಲಿಗೆ ಹೋದ ಬೇರೆ ದೋಣಿಗಳು ಮಧ್ಯಾಹ್ನ ಸುಖವಾಗಿ ಹಿಂದಿರುಗಿದವು, ಮೀನೂ ಚೆನ್ನಾಗಿ ಸಿಕ್ಕಿತ್ತು. ಒಂದು ದಿನದ ಸಂಪಾದನೆ ಹೋಯಿತಲ್ಲ ಎಂಬ ಬೇಸರ ಆ ಮನೆಯಲ್ಲಿ ಇರಲಿಲ್ಲವೆಂದಲ್ಲ. ಸಂಜೆ ನಾನು ತಡೆಯಲಾರದೆ ತಂಡೇಲರನ್ನು ಕೇಳಿದೆ, ಏಕೆ ಬೇಡ ಎಂದು ಅವನನ್ನು ವಿಚಾರಿಸಬಹುದಿತ್ತಲ್ಲ ಎಂದು. ಅವರು ಬಲೆಯ ಗಂಟು ಬಿಡಿಸುತ್ತ ಹೇಳಿದರು: “ಕಾರಣ ಕೇಳಿದರೆ ಅವನು ಇನ್ನೊಂದು ಸಲ ಕಾರಣ ಸಿಗುವ ತನಕ ಬಾಯಿ ಬಿಡುವುದಿಲ್ಲ ಮಗಾ. ಅವನಿಗೆ ಕಾರಣ ಸಿಗುವಾಗ ನಾವು ಅಳಿವೆಯಲ್ಲಿರುತ್ತೇವೆ.”

ಅಳಿವೆ ಎಂದರೆ ಹೊಳೆ ಕಡಲಿಗೆ ಸೇರುವ ಬಾಯಿ. ದೋಣಿಗಳು ಮಗುಚುವುದು ಹೆಚ್ಚಾಗಿ ಅಲ್ಲಿಯೇ.

ಈ ಪ್ರಸಂಗ ನನಗೆ ಸದಾ ನೆನಪಿತ್ತು. ಹಾಗಿದ್ದೂ ಹಿಮದ ಮೇಲೆ ಅದು ಉಪಯೋಗಕ್ಕೆ ಬರಲಿಲ್ಲ. ಬೇರೆಯವರ ಬುದ್ಧಿವಂತಿಕೆಯನ್ನು ಮೆಚ್ಚಿಕೊಂಡಿರುವುದಕ್ಕೂ ಅದು ಹೊತ್ತಿಗೆ ನಮ್ಮ ಬಾಯಿಂದ ಬರುವುದಕ್ಕೂ ನಡುವೆ ಬಹಳ ದೂರವಿದೆ. ಬಂದದ್ದು ಆ ಮನೆಯಲ್ಲಿ ಹುಟ್ಟಿ ಬೆಳೆದವನ ಬಾಯಿಂದಲೇ.

ಎರಡನೆಯ ಇಳಿಜಾರು

ಪಾಂಡು ರೋಪಾದ ಬಯಲನ್ನು ದಾಟಿ ಏಣಿನ ಬುಡಕ್ಕೆ ಬಂದಾಗ ಮಧ್ಯಾಹ್ನವಾಗುತ್ತಿತ್ತು. ಮೇಲೆ ಹೋಗಲು ಮತ್ತೊಂದು ಇಳಿಜಾರನ್ನು ಓರೆಯಾಗಿ ಏರಬೇಕಿತ್ತು. ಮೊದಲಿನದಕ್ಕಿಂತ ಅಗಲ, ಕೆಳಗೆ ಕಿರಿದಾದ ಕಂದರ. ಗೈಡ್ ಹೊರಡಲು ಸಿದ್ಧನಾಗಿದ್ದ. ಮಲ್ಪೆಯ ಗೆಳೆಯ ಊರುಗೋಲುಗಳೆರಡನ್ನೂ ಹಿಮಕ್ಕೆ ಚುಚ್ಚಿ, ಚೀಲ ಕೆಳಗಿಟ್ಟು, “ಇನಿ ಬೊಡ್ಚಿ ಮಾರಾಯ್ರೆ” ಎಂದ.

ಗೆಳತಿಯ ಗಂಡ ಏಕೆ ಎಂದು ಕೇಳಿದ. ಗೊತ್ತಿಲ್ಲ, ನಾನು ಬರುವುದಿಲ್ಲ ಎಂದ ಇವನು. ಒಂದು ನಿಮಿಷ ಗಾಳಿಯ ಸದ್ದು ಮಾತ್ರ ಇತ್ತು. ಆಮೇಲೆ ಗೆಳತಿ, ನನಗೂ ಬೇಡ, ಆ ಸದ್ದು ಕೇಳಿದಾಗಿನಿಂದ ನನ್ನ ಎದೆ ಹೊಡೆದುಕೊಳ್ಳುತ್ತಿದೆ ಎಂದಳು. ಕಟ್ಟೆ ಒಡೆದಂತೆ ಒಬ್ಬೊಬ್ಬರದೇ ಹೊರಬಂತು. ನಾನು ರಾತ್ರಿ ಓದಿದ್ದನ್ನು ಹೇಳಿದೆ. ಎಂಜಿನಿಯರ್ ಹುಡುಗ, ಮೊದಲ ಇಳಿಜಾರಿನಲ್ಲಿ ತನ್ನ ಕಾಲ ಬಳಿಯಿಂದ ಒಂದು ಗೆರೆ ಸೀಳಿಕೊಂಡು ಹೋದದ್ದನ್ನು ಕಂಡೆ, ದೊಡ್ಡವರು ಸುಮ್ಮನಿದ್ದೀರಲ್ಲ ಎಂದು ಸುಮ್ಮನಾದೆ ಎಂದ. ಕೊನೆಗೆ ಗೈಡ್, ಇಪ್ಪತ್ತೆರಡು ಇಪ್ಪತ್ತಮೂರು ವರ್ಷದ ಆ ಹುಡುಗ, ನೆಲ ನೋಡುತ್ತ ಹಿಂದಿಯಲ್ಲಿ ಹೇಳಿದ: “ನನಗೂ ಬೆಳಿಗ್ಗೆಯಿಂದ ಮನಸ್ಸಿರಲಿಲ್ಲ ಸರ್. ನೀವು ಅಷ್ಟು ದೂರದಿಂದ ಬಂದಿದ್ದೀರಿ, ಹೇಗೆ ಬೇಡ ಎನ್ನಲಿ?” ಎಲ್ಲ ಮುಗಿದ ಮೇಲೆ ಗೆಳತಿಯ ಗಂಡ ಹಿಮದ ಮೇಲೆ ಕುಳಿತುಕೊಂಡ. ತನಗೂ ಭಯವಾಗಿತ್ತೆಂದು, ಆದರೆ ಎಲ್ಲರನ್ನೂ ಕರೆತಂದವನು ತಾನೇ ಆದ್ದರಿಂದ ಹೆದರಲು ತನಗೆ ಅಧಿಕಾರವಿಲ್ಲ ಎನ್ನಿಸಿತೆಂದು ಹೇಳುವಾಗ ಅವನ ಕಣ್ಣು ತುಂಬಿತ್ತು. ಆರು ಮಂದಿಗೂ ಬೇಡವಾಗಿದ್ದ ದಾರಿಯಲ್ಲಿ ಆರು ಮಂದಿಯೂ ಎರಡು ಗಂಟೆ ನಡೆದಿದ್ದೆವು.

ಗೈಡ್ ಸಲಿಕೆ ತೆಗೆದು ಬಯಲಿನ ಅಂಚಿನಲ್ಲಿ ಸೊಂಟದುದ್ದದ ಗುಂಡಿ ತೋಡಿ ನೆಟ್ಟಗೆ ಗೋಡೆ ಕಡಿದ. ಮೇಲಿನ ಎರಡು ಗೇಣು ಹಿಮ ಗಟ್ಟಿಯಾಗಿತ್ತು, ಸಲಿಕೆಯಲ್ಲಿ ಹಲಗೆಯಂತೆ ಎತ್ತಬಹುದಾಗಿತ್ತು. ಅದರ ಕೆಳಗೆ ಹೋದಂತೆ ಗೋಡೆ ತಾನಾಗಿಯೇ ಉದುರತೊಡಗಿತು. ಒಂದು ಮುಷ್ಟಿ ತೆಗೆದುಕೊಂಡು ಅಮುಕಿದೆ, ಉಂಡೆಯಾಗಲಿಲ್ಲ. ಕೈಗವಸಿನ ಮೇಲೆ ಬಿಡಿಬಿಡಿಯಾಗಿ, ಒಂದೊಂದೂ ಹೊಳೆಯುತ್ತ, ದಪ್ಪ ಸಕ್ಕರೆಯಂತೆ ಉಳಿದು, ಬೆರಳ ಸಂದಿನಿಂದ ಜಾರಿಹೋಯಿತು. ಮಲ್ಪೆಯ ಗೆಳೆಯ ಬಗ್ಗಿ ನೋಡಿ, ಐಸ್ ಪ್ಲಾಂಟಿನಲ್ಲಿ ಒಣ ನೆಲದ ಮೇಲೆ ಇಬ್ಬರು ಎಳೆದರೂ ಅಲುಗದ ಐಸ್ ಗಡ್ಡೆ ಸ್ವಲ್ಪ ನೀರು ಚೆಲ್ಲಿದರೆ ಒಂದೇ ಕೈಗೆ ಓಡಿಬಿಡುತ್ತದೆ, ಅದರೆದುರು ಯಾರೂ ನಿಲ್ಲಬಾರದೆಂದು ನಾವು ದಿನವೂ ಹೇಳುತ್ತೇವೆ ಎಂದ. ಮತ್ತೇನೂ ಹೇಳಲಿಲ್ಲ.

ಬಂದ ದಾರಿಯಲ್ಲಿ ಮರಳಲಿಲ್ಲ. ಗೈಡ್ ನಮ್ಮನ್ನು ದಟ್ಟವಾದ ಕಾಡಿನೊಳಗಿನಿಂದ ಸುತ್ತಿಸಿ ಕರೆದೊಯ್ದ. ಅದು ಬಹಳ ದೂರದ ದಾರಿ, ಕೊಂಬೆಗಳಿಗೆ ಸ್ನೋ ಶೂ ಸಿಕ್ಕಿ ಹತ್ತಾರು ಸಲ ಬಿದ್ದೆವು, ಆದರೆ ಅಷ್ಟು ಮಾತು, ಅಷ್ಟು ಹಗುರ ನಮಗೆ ಆ ನಾಲ್ಕು ದಿನಗಳಲ್ಲಿ ಬೇರೆಂದೂ ಆಗಿರಲಿಲ್ಲ. ಸೂರ್ಯ ಬೆಟ್ಟದ ಹಿಂದೆ ಇಳಿಯುವ ಹೊತ್ತಿಗೆ ಮರಗಳ ನಡುವಿನಿಂದ ಬೆಳಿಗ್ಗೆ ದಾಟಿದ ಆ ಮೊದಲ ಇಳಿಜಾರು ಎದುರಿಗೆ ಕಂಡಿತು. ಅಲ್ಲಿ ಏನೂ ಆಗಿರಲಿಲ್ಲ. ಹಿಮ ಇದ್ದಲ್ಲಿಯೇ ಇತ್ತು. ನಟ್ಟನಡುವೆ ನಮ್ಮ ಹೆಜ್ಜೆಗಳ ಸಾಲು ಆ ಬದಿಯ ಮರದಿಂದ ಈ ಬದಿಯ ಮರದ ತನಕ ದಾರ ಎಳೆದು ಕಟ್ಟಿದಂತೆ ನೇರವಾಗಿ ಹೋಗಿತ್ತು.

ಗೈಡ್ ನಮಗಿಂತ ಹೆಚ್ಚು ಹೊತ್ತು ಆ ಕಡೆ ನೋಡುತ್ತ ನಿಂತ. ರಾತ್ರಿ ಸ್ವಲ್ಪ ಹಿಮ ಬಿದ್ದರೆ ಒಳ್ಳೆಯದಿತ್ತು ಎಂದ. ನಾಳೆ ಬರುವವರು ಈ ಹೆಜ್ಜೆಗಳನ್ನು ನೋಡಿ ಇಲ್ಲಿಯೇ ದಾಟುತ್ತಾರೆ.

ಊರು ಸೇರಿದೊಡನೆ ಅವನು ತನಗೆ ಪರಿಚಯವಿದ್ದ ಗೈಡ್‌ಗಳಿಗೆಲ್ಲ ಒಬ್ಬೊಬ್ಬರಾಗಿ ಫೋನ್ ಮಾಡಿದ. ಒಲೆಯ ಪಕ್ಕ ಕುಳಿತು ನಾವು ಅದನ್ನು ಕೇಳಿಸಿಕೊಂಡೆವು. ಇಬ್ಬರು ಫೋನ್ ಎತ್ತಲಿಲ್ಲ. ಆ ರಾತ್ರಿ ನಾನು ಎರಡು ಬಾರಿ ಎದ್ದು ಕಿಟಕಿಯ ಪರದೆ ಸರಿಸಿ ನೋಡಿದೆ. ಎರಡು ಬಾರಿಯೂ ಆಕಾಶದ ತುಂಬ ನಕ್ಷತ್ರಗಳಿದ್ದವು.